ಮೇವಿನ ನೆಲೆಯೂ ಮೀನಿನ ನೆರವಿಯೂ

೧

ಮೇವು ಇರುವಲ್ಲಿಗೆ ಮೀನು ಬರುವುದೆಂಬುದು ಮೀನುಗಾರರ ಮಕ್ಕಳೂ ಬಲ್ಲ ಮಾತು. ಆದರೆ ಹಾಗೆ ಬಂದ ಮೀನು ಎಲ್ಲಿಂದ ಬಂದಿತು, ಎಷ್ಟು ಕಾಲ ನಿಲ್ಲುವುದು, ಅದು ಬಂದುದರಿಂದ ನೀರಿನೊಳಗಣ ಮತ್ಸ್ಯಸಂಪತ್ತು ನಿಜವಾಗಿ ಹೆಚ್ಚಿತೋ ಅಥವಾ ಚೆದರಿದ್ದುದು ಒಂದೆಡೆ ಕೂಡಿತೋ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಕಡಲಿನಲ್ಲಿ ಪಂಜರಗಳನ್ನು ತೇಲಿಬಿಟ್ಟು ಮೀನು ಸಾಕುವ ಪದ್ಧತಿ ಬಳಕೆಗೆ ಬಂದ ಮೇಲೆ ಈ ಪ್ರಶ್ನೆಗಳು ಪ್ರಾಣಿಶಾಸ್ತ್ರಜ್ಞರ ವಿಚಾರಕ್ಕೆ ವಿಶೇಷವಾಗಿ ವಿಷಯವಾಗಿವೆ. ಪಂಜರದೊಳಗಿನ ಮೀನಿಗೆಂದು ಚೆಲ್ಲಿದ ಮೇವು ಪಂಜರದ ಹೊರಗೆ ಸ್ವಚ್ಛಂದವಾಗಿ ತಿರುಗುವ ಮೀನನ್ನೂ ಸೆಳೆಯುವುದು. ಮೊದಲನೆಯದನ್ನು ಸಾಕುಮೀನೆಂದೂ ಎರಡನೆಯದನ್ನು ಹೊರಮೀನೆಂದೂ ಕರೆಯುವುದಾದರೆ, ಹೊರಮೀನಿನ ನೆರವಿಯ ಕಾರಣ, ಋತುಭೇದದಿಂದ ಅದು ಹೊಂದುವ ಮಾರ್ಪಾಟು, ಅದರ ಫಲ ಇವು ಮೂರೂ ಪ್ರಸ್ತುತ ವಿಚಾರದ ಅಂಗಗಳಾಗುವುವು.

ಶಿವಮೊಗ್ಗೆಯಂತಹ ಒಳನಾಡಿನ ಊರಿಗೆ ಈ ವಿಷಯವು ದೂರದ್ದೆಂದು ತೋರಬಹುದು. ರಾಗಿಗುಡ್ಡದ ಕಡೆಯಿಂದ ಹೊರಟವನು ಕಡಲನ್ನು ಮುಟ್ಟಬೇಕಾದರೆ ಮಲೆನಾಡನ್ನು ದಾಟಿ ಘಟ್ಟವನ್ನು ಇಳಿಯಬೇಕು. ಆದರೂ ಮೇವಿನಿಂದ ಮೀನು ನೆರೆಯುವ ಸಂಗತಿಯು ಈ ಸೀಮೆಗೆ ಹೊಸದಲ್ಲ. ಶಿವಮೊಗ್ಗೆಯ ಮಗ್ಗುಲಲ್ಲಿ ಹರಿಯುವ ತುಂಗೆಯನ್ನೇ ಹಿಡಿದು ಮೇಲಕ್ಕೆ ಹೋದರೆ ತೀರ್ಥಹಳ್ಳಿಯ ಬಳಿ ಚಿಬ್ಬಲಗುಡ್ಡೆಯಲ್ಲಿಯೂ, ಇನ್ನೂ ಮೇಲೆ ಶೃಂಗೇರಿಯ ಮಠದ ಸೋಪಾನದ ಬುಡದಲ್ಲಿಯೂ, ಜನರು ಎಸೆಯುವ ಮಂಡಕ್ಕಿಗಾಗಿ ಸಾಲುಗಟ್ಟಿ ಬರುವ ದೊಡ್ಡ ಮೀನುಗಳು ಯಾರ ಕಣ್ಣಿಗಾದರೂ ಬೀಳುವುವು. ಕಡಲಿನ ಪಂಜರವನ್ನೂ ಹೊಳೆಯ ಮತ್ಸ್ಯಧಾಮವನ್ನೂ ಒಂದೇ ದೃಷ್ಟಿಯಿಂದ ಪರ್ಯಾಲೋಚಿಸಿದರೆ ಒಂದರಿಂದ ಇನ್ನೊಂದಕ್ಕೆ ಬೆಳಕು ಬೀಳುವುದು.

೨

ಪಂಜರವೆಂಬ ಮಾತಿನಿಂದ ಕಬ್ಬಿಣದ ಪೆಟ್ಟಿಗೆಯನ್ನು ಊಹಿಸಬಾರದು. ನೀರಿನ ಮೇಲೆ ತೇಲುವ ದೊಡ್ಡದೊಂದು ಬಳೆ, ಆ ಬಳೆಯಿಂದ ಕೆಳಕ್ಕೆ ಇಳಿಬಿಟ್ಟ ಚೀಲದಾಕಾರದ ಬಲೆ, ಹಕ್ಕಿಗಳನ್ನು ತಡೆಯುವುದಕ್ಕೆ ಮೇಲೊಂದು ಹೊದಿಕೆ, ಎಲ್ಲವನ್ನೂ ಒಂದೆಡೆ ನಿಲ್ಲಿಸುವ ಲಂಗರು—ಇಷ್ಟೇ ಅದರ ಸ್ವರೂಪ. ನೀರು ಬಲೆಯ ಕಣ್ಣುಗಳಿಂದ ಸದಾ ಒಳಹೊರಗೆ ಹರಿದಾಡುತ್ತಿರುವುದು. ನಾರ್ವೆ ದೇಶದಲ್ಲಿ ಸುಮಾರು ೧೯೭೦ರಿಂದ ಸಾಲ್ಮನ್ ಮೀನನ್ನು ಹೀಗೆ ಸಾಕುವ ಉದ್ಯಮವು ಬೆಳೆಯಿತು. ಭೂಮಧ್ಯ ಸಮುದ್ರದಲ್ಲಿ ೧೯೮೦ರ ದಶಕದಿಂದ ಈಚೆಗೆ ಇಂತಹ ಪಂಜರಗಳು ಹರಡಿದುವು. ಭಾರತದಲ್ಲಿ, ೧೯೪೭ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ೨೦೦೭ರಲ್ಲಿ ವಿಶಾಖಪಟ್ಟಣದ ಕಡಲಿನಲ್ಲಿ ತೆರೆಗಡಲ ಪಂಜರವನ್ನು ಇಳಿಸಿತು. ಅನಂತರ ಅದೇ ಸಂಸ್ಥೆಯ ಕಾರವಾರದ ಕೇಂದ್ರವು ಕನ್ನಡನಾಡಿನ ಕಡಲಿನಲ್ಲಿ ಈ ಕೆಲಸವನ್ನು ನಡೆಯಿಸಿತು. ಕುರುಡಿ ಮೀನು, ಕೋಬಿಯ ಮುಂತಾದ ಜಾತಿಗಳನ್ನು ಅಲ್ಲಿ ಬೆಳೆಸಿದರು. ಬೈಂದೂರಿನ ಬಳಿಯ ಉಪ್ಪುಂದದ ಮೀನುಗಾರರು ಅಳಿವೆಯ ನೀರಿನಲ್ಲಿಯೇ ಅಲ್ಪವೆಚ್ಚದ ಪಂಜರಗಳನ್ನು ಕಟ್ಟಿ ಈ ಕೃಷಿಯನ್ನು ತಮ್ಮದಾಗಿ ಮಾಡಿಕೊಂಡರು.

ಇಂತಹ ಪಂಜರದ ಸುತ್ತ ಹೊರಮೀನು ನೆರೆಯುವುದಕ್ಕೆ ಕಾರಣವು ಒಂದಲ್ಲ, ಹಲವು.

ಮೊದಲನೆಯದು ಆಶ್ರಯ. ಬಟ್ಟಬಯಲಾದ ಕಡಲಿನಲ್ಲಿ ತೇಲುವ ಯಾವ ವಸ್ತುವಾದರೂ, ಅದು ಒಂದು ಮರದ ದಿಮ್ಮಿಯಾಗಿರಲಿ, ಪಾಚಿಯ ಮುದ್ದೆಯಾಗಿರಲಿ, ಮೀನಿಗೆ ನೆರಳೂ ಗುರುತೂ ಆಗುವುದು. ಬಯಲಿನಲ್ಲಿ ಒಂಟಿಮರದ ಬುಡಕ್ಕೆ ದನ ಸೇರುವಂತೆ ಮೀನು ಅದರ ಕೆಳಗೆ ಸೇರುವುದು. ಪಂಜರವು ಇಂತಹ ವಸ್ತುಗಳಲ್ಲಿ ಅತ್ಯಂತ ದೊಡ್ಡದು. ಗಾಳಿಗೆ ತೇಲಿಹೋಗದೆ ಒಂದೇ ಸ್ಥಳದಲ್ಲಿ ವರ್ಷಗಟ್ಟಲೆ ನಿಲ್ಲತಕ್ಕದ್ದು. ಎರಡನೆಯದು ಮೇವು. ಸಾಕುಮೀನು ತಿನ್ನದೆ ಬಿಟ್ಟ ಕಾಳುಗಳೂ ಚೂರುಗಳೂ ಬಲೆಯ ಕಣ್ಣಿನಿಂದ ಹೊರಕ್ಕೆ ಇಳಿಯುವುವು. ಪಾಶ್ಚಾತ್ಯ ದೇಶಗಳಲ್ಲಿ ಯಂತ್ರದಿಂದ ಮಾಡಿದ ಕಾಳುಮೇವನ್ನು ಬಳಸುವರು. ಭಾರತದ ತೀರದಲ್ಲಿ ಕೊಚ್ಚಿದ ಅಗ್ಗದ ಮೀನನ್ನು ಹಾಕುವುದು ಹೆಚ್ಚು ವಾಡಿಕೆ. ಎರಡೂ ಹೊರಮೀನಿಗೆ ಬಿಟ್ಟಿ ಊಟವೇ ಸರಿ. ಮೂರನೆಯದು ಬಲೆಯ ಮೇಲೆ ತಾನಾಗಿ ಬೆಳೆಯುವ ಪಾಚಿ, ಚಿಪ್ಪುಜೀವಿ ಮುಂತಾದುವು. ಇವನ್ನು ಕೆರೆದು ತಿನ್ನುವ ಜಾತಿಗಳೂ ಉಂಟು. ನಾಲ್ಕನೆಯದು ಬೇಟೆ. ಸಣ್ಣಮೀನು ಸೇರಿದಲ್ಲಿಗೆ ಅದನ್ನು ನುಂಗುವ ದೊಡ್ಡಮೀನು ಬರದೆ ಇರುವುದೆ? ಐದನೆಯದು ಅಭಯ. ಪಂಜರಗಳಿರುವೆಡೆಯಲ್ಲಿ ಬಲೆ ಬೀಸುವುದಕ್ಕೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ನಾರ್ವೆಯಲ್ಲಿ ಸಾಕಣೆಯ ನೆಲೆಯಿಂದ ೧೦೦ ಮೀಟರುಗಳೊಳಗೆ ಮೀನು ಹಿಡಿಯುವುದು ಕಾನೂನಿನಿಂದಲೇ ನಿಷಿದ್ಧ. ರಾತ್ರಿಯ ದೀಪ, ಸಾಕುಮೀನಿನ ಸದ್ದು ಮತ್ತು ವಾಸನೆ ಇವೂ ಸೆಳೆತಕ್ಕೆ ತಮ್ಮ ತಮ್ಮ ಪಾಲನ್ನು ಕೂಡಿಸುವುವು.

ನೆರವಿಯ ಪ್ರಮಾಣವಾದರೂ ಸಾಮಾನ್ಯವಾದುದಲ್ಲ. ಸ್ಪೇನ್ ದೇಶದ ಭೂಮಧ್ಯ ತೀರದಲ್ಲಿ ಸುಮಾರು ೩೦೦ ಕಿಲೋಮೀಟರುಗಳ ಉದ್ದಕ್ಕೆ ಹರಡಿದ್ದ ಒಂಬತ್ತು ಸಾಕಣೆಗಳನ್ನು ಟಿಮ್ ಡೆಂಪ್‌ಸ್ಟರ್ ಮೊದಲಾದ ಶಾಸ್ತ್ರಜ್ಞರು ನೀರಿನಲ್ಲಿ ಮುಳುಗಿ ಪರೀಕ್ಷಿಸಿದರು. ೨೦೦೨ರಲ್ಲಿ ಅವರ ವರದಿ ಪ್ರಕಟವಾಯಿತು. ಪಂಜರಗಳ ಬಳಿ ಕಂಡ ಹೊರಮೀನಿನ ಸಂಖ್ಯೆಯು, ಪಂಜರವಿಲ್ಲದ ಬಯಲು ನೀರಿನಲ್ಲಿ ಕಂಡುದಕ್ಕಿಂತ ಕನಿಷ್ಠಪಕ್ಷ ೫೨ರಷ್ಟೂ ಗರಿಷ್ಠಪಕ್ಷ ೨೮೩೭ರಷ್ಟೂ ಮಡಿ ಹೆಚ್ಚಾಗಿತ್ತು. ಇಷ್ಟು ದೊಡ್ಡ ಅಂತರವನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಹೀಗೆ ನೆರೆದವುಗಳಲ್ಲಿ ಬಹುಪಾಲು ಬಲಿತ ಮೀನುಗಳೆಂಬುದು ಅದೇ ಪರೀಕ್ಷೆಯಿಂದ ತಿಳಿದ ಇನ್ನೊಂದು ಮುಖ್ಯವಾದ ಅಂಶ. ಮೊಟ್ಟೆಯಿಡುವ ವಯಸ್ಸಿನ ಮೀನು ಒಂದೆಡೆ ಸೇರುವುದರ ಅರ್ಥವೇನೆಂಬುದು ಮುಂದೆ ವ್ಯಕ್ತವಾಗುವುದು.

೩

ಈ ನೆರವಿಯು ವರ್ಷವಿಡೀ ಒಂದೇ ರೀತಿಯಾಗಿರುವುದಿಲ್ಲ. ಪಂಜರವು ನಿಂತಲ್ಲಿ ನಿಂತಿದ್ದರೂ ಅದರ ಸುತ್ತಣ ಜನವಸತಿ ಬದಲಾಗುತ್ತಿರುವುದು. ಜಾತ್ರೆಯ ಬೀದಿಗೂ ನಿತ್ಯದ ಬೀದಿಗೂ ಇರುವ ಭೇದವನ್ನು ಇದಕ್ಕೆ ಹೋಲಿಸಬಹುದು. ನಿತ್ಯವೂ ಅಲ್ಲಿಯೇ ಇರುವ ಒಕ್ಕಲು ಕೆಲವು. ತಮ್ಮ ಕಾಲಕ್ಕೆ ಬಂದು ತಮ್ಮ ಕಾಲಕ್ಕೆ ಹೋಗುವ ಯಾತ್ರಿಕರು ಹಲವು. ಭೂಮಧ್ಯ ಸಮುದ್ರದ ಪಂಜರಗಳಲ್ಲಿ ಕೆಲವು ಜಾತಿಗಳು ಎಲ್ಲ ಋತುಗಳಲ್ಲಿಯೂ ದೊರೆಯುವುವು. ಬೇರೆ ಕೆಲವು ತಮ್ಮ ಸಂಚಾರದ ಹಾದಿಯಲ್ಲಿ ಕೆಲವು ತಿಂಗಳು ತಂಗಿ ಮುಂದುವರಿಯುವುವು. ಅಷ್ಟೇ ಅಲ್ಲದೆ, ಒಂದಕ್ಕೊಂದು ದೂರವಲ್ಲದ ಎರಡು ಸಾಕಣೆಗಳಲ್ಲಿಯೂ ನೆರೆಯುವ ಜಾತಿಗಳು ಬೇರೆಬೇರೆಯಾಗಿರುವುದುಂಟು. ನಾರ್ವೆಯಲ್ಲಿ ಸೇತ್ ಎಂಬ ಮೀನು ಸಾಲ್ಮನ್ ಪಂಜರಗಳ ಮುಖ್ಯ ಅತಿಥಿ. ಬೇಸಗೆಯಲ್ಲಿ ತೀರಕ್ಕೆ ಬರುವ ಬಂಗುಡೆಯ ಜಾತಿಯ ಮೀನು ಆಗ ಅದರ ಜೊತೆಗೆ ಸೇರುವುದು. ಕಾಡ್ ಎಂಬ ಮೀನಾದರೋ ಚಳಿಗಾಲ ಮುಗಿಯುವ ವೇಳೆಗೆ ಮೊಟ್ಟೆಯಿಡುವುದಕ್ಕೆ ತನ್ನ ಹಳೆಯ ನೆಲೆಗಳನ್ನು ಅರಸಿ ಹೊರಡುವುದು.

ಇಲ್ಲಿ ಎರಡು ಶಕ್ತಿಗಳ ಎಳೆದಾಟವು ಸ್ಪಷ್ಟವಾಗಿದೆ. ಮೇವಿನ ಸೆಳೆತವು ಒಂದು. ಋತುಧರ್ಮದ ಸೆಳೆತವು ಇನ್ನೊಂದು. ಹೊಟ್ಟೆಯ ಕರೆಗೆ ಮೀನು ಪಂಜರದ ಬಳಿ ನಿಲ್ಲುವುದು. ಸಂತಾನದ ಕರೆಗೆ ಅದನ್ನು ಬಿಟ್ಟುಹೋಗುವುದು. ಎರಡನೆಯ ಕರೆಯು ಬಂದಾಗ ಮೊದಲನೆಯದು ಸೋಲುವವರೆಗೆ ಪ್ರಕೃತಿಯ ಕ್ರಮಕ್ಕೆ ಹಾನಿಯಿಲ್ಲ. ನಿತ್ಯತೃಪ್ತವಾದ ಮೀನು ಹೊರಡುವುದನ್ನೇ ಮರೆತರೆ ಆಗ ಯೋಚಿಸತಕ್ಕ ವಿಷಯ.

ಕನ್ನಡನಾಡಿನ ಸುಮಾರು ೩೦೦ ಕಿಲೋಮೀಟರುಗಳ ಕರಾವಳಿಯಲ್ಲಿ ಋತುಚಕ್ರದ ಒಡೆಯನೆಂದರೆ ನೈಋತ್ಯದ ಮಳೆಗಾಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಕೆರಳಿರುವುದು. ಮೇಲ್ಪದರದ ನೀರು ಗಾಳಿಯ ಒತ್ತಡದಿಂದ ಸರಿದುಹೋಗಿ, ತಳದ ತಣ್ಣೀರು ತೀರದ ಕಡೆಗೆ ಏರಿಬರುವುದು. ಈ ನೀರಿನಲ್ಲಿ ಸಸ್ಯಪೋಷಕ ಲವಣಗಳು ಹೆಚ್ಚು, ಪ್ರಾಣವಾಯು ಕಡಮೆ. ಪ್ರಾಣವಾಯುವಿನ ಕೊರತೆಯಿಂದ ತಳದ ಮೀನುಗಳು ಸ್ಥಳ ಬಿಡುವುವು. ಲವಣದ ಸಮೃದ್ಧಿಯಿಂದ ಕಣ್ಣಿಗೆ ಕಾಣದ ಸಸ್ಯಾಣುಗಳು ಬೆಳೆದು, ಮಳೆ ಹಿಂದೆಗೆಯುವ ವೇಳೆಗೆ ಬೂತಾಯಿ, ಬಂಗುಡೆಗಳ ಹಿಂಡುಗಳಿಗೆ ಊಟವಾಗುವುವು. ಈ ಕಾಲದಲ್ಲಿ ಬಯಲು ಕಡಲಿನ ಪಂಜರವನ್ನು ಉಳಿಸಿಕೊಳ್ಳುವುದು ಕಷ್ಟವಾದುದರಿಂದ, ಮಳೆ ಮುಗಿದ ಮೇಲೆ ಮರಿಗಳನ್ನು ಬಿಟ್ಟು ಮುಂದಣ ಮಳೆಗೆ ಮೊದಲೇ ಫಸಲನ್ನು ತೆಗೆಯುವುದು ಅಥವಾ ಗಾಳಿಯ ಮರೆಯಿರುವ ಕೊಲ್ಲಿಯಲ್ಲಿ, ಅಳಿವೆಯಲ್ಲಿ ಪಂಜರವನ್ನು ನಿಲ್ಲಿಸುವುದು ಇಲ್ಲಿಯ ಮಾರ್ಗ. ಆದಕಾರಣ ಪಾಶ್ಚಾತ್ಯರ ಪಂಜರಗಳಂತೆ ಇಲ್ಲಿಯವು ಹನ್ನೆರಡು ತಿಂಗಳೂ ತೆರೆದಿರುವ ಛತ್ರಗಳಲ್ಲ. ತೆರೆಗಡಲಿನಲ್ಲಿ ಪಂಜರವನ್ನು ತೆಗೆದಾಗ ಅದರ ಸುತ್ತಣ ನೆರವಿಯೂ ಒಡೆಯುವುದು. ಹೀಗೆ ಮಳೆಗಾಲವು ಮೇವಿನ ಕಟ್ಟನ್ನು ಬಿಚ್ಚಿ ಮೀನನ್ನು ಅದರ ಋತುಧರ್ಮಕ್ಕೆ ಒಪ್ಪಿಸುವುದು. ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ನಿಷೇಧವಿರುವುದೂ ಈ ಧರ್ಮಕ್ಕೆ ಸಮ್ಮತವಾದುದೇ. ಮೀನಿಗೆ ಋತುವನ್ನು ನೋಡಿ ಅಭಯ ಕೊಡುವ ಕ್ರಮವು ಬಹು ಪ್ರಾಚೀನವಾದುದು. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಚಾತುರ್ಮಾಸ್ಯದ ಹುಣ್ಣಿಮೆಗಳೇ ಮೊದಲಾದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂಬ ವಿಧಿಯುಂಟು.

೪

ನೆರವಿಯು ವೃದ್ಧಿಯೆ? ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಅಮೆರಿಕದ ಜೇಮ್ಸ್ ಬೋನ್‌ಸ್ಯಾಕ್ ಎಂಬ ಶಾಸ್ತ್ರಜ್ಞನು ೧೯೮೯ರಲ್ಲಿ ಕೃತಕ ಬಂಡೆಗಳನ್ನು ಕುರಿತು ಈ ಪ್ರಶ್ನೆಯನ್ನು ಖಚಿತವಾದ ರೂಪದಲ್ಲಿ ಎತ್ತಿದನು. ಕಡಲಿನ ತಳದಲ್ಲಿ ಕಲ್ಲುಗಳನ್ನು ರಾಶಿಹಾಕಿದರೆ ಅಲ್ಲಿ ಮೀನು ಸೇರುವುದು ಸತ್ಯ. ಆದರೆ ಮೀನಿಗೆ ಇದುವರೆಗೆ ವಾಸಸ್ಥಾನದ ಕೊರತೆಯಿದ್ದು ಅದು ಈಗ ನೀಗಿ ಸಂತತಿ ಬೆಳೆಯಿತೆಂದು ಹೇಳಬೇಕೆ, ಅಥವಾ ಬೇರೆ ಕಡೆ ಇದ್ದ ಮೀನು ಇಲ್ಲಿಯದನ್ನು ಮೆಚ್ಚಿ ಬಂದಿತೆಂದು ಮಾತ್ರ ಹೇಳಬೇಕೆ? ಮೊದಲನೆಯದಾದರೆ ಅದು ಉತ್ಪಾದನೆ. ಎರಡನೆಯದಾದರೆ ಬರಿಯ ಆಕರ್ಷಣೆ. ಹತ್ತು ಹಳ್ಳಿಗಳ ಜನ ಒಂದು ಸಂತೆಗೆ ಬಂದರೆ ನಾಡಿನ ಜನಸಂಖ್ಯೆ ಹೆಚ್ಚಿತೆಂದು ಯಾರೂ ಬರೆದಿಡುವುದಿಲ್ಲವಷ್ಟೆ.

ಪಂಜರದ ವಿಷಯದಲ್ಲಿ ಈ ವಿವೇಚನೆಯು ಇನ್ನೂ ಸೂಕ್ಷ್ಮವಾಗುವುದು. ಏಕೆಂದರೆ ಕಲ್ಲುರಾಶಿಯು ಮೇವನ್ನು ಕೊಡುವುದಿಲ್ಲ, ಪಂಜರವು ಕೊಡುವುದು. ಹೊರಗಿನಿಂದ ಆಹಾರವು ಬಂದು ಸೇರಿದ ಮೇಲೆ ಅದರಿಂದ ಮೀನಿನ ಮೈ ಬೆಳೆಯದಿರುವುದು ಅಸಂಭವ. ಪಂಜರದ ಬಳಿಯ ಹೊರಮೀನಿನ ಜಠರದಲ್ಲಿ ಕಾಳುಮೇವು ದೊರೆತಿದೆ. ಅದರ ಕೊಬ್ಬಿನಲ್ಲಿ ನೆಲದ ಬೆಳೆಗಳಿಂದ ಬಂದ ಎಣ್ಣೆಯ ಅಂಶಗಳು ಸೇರಿವೆ. ಸ್ಪೇನಿನ ಆಗ್ನೇಯ ತೀರದ ಒಂದು ಪರೀಕ್ಷೆಯಲ್ಲಿ, ಪಂಜರದಿಂದ ಹೊರಬಿದ್ದು ತಳಕ್ಕೆ ಇಳಿಯುವ ಕಸದಲ್ಲಿ ನೂರಕ್ಕೆ ಸುಮಾರು ೮೦ ಪಾಲನ್ನು ಹೊರಮೀನುಗಳೇ ತಿಂದುಬಿಡುವುವೆಂದು ೨೦೦೪ರಲ್ಲಿ ಪ್ರಕಟವಾಯಿತು. ಈ ದೃಷ್ಟಿಯಿಂದ ಹೊರಮೀನು ಕಡಲಿನ ಜಾಡಮಾಲಿಯೆಂದೇ ಹೇಳಬೇಕು. ತಳದಲ್ಲಿ ಕೊಳೆತು ನೀರನ್ನು ಕೆಡಿಸಬೇಕಾಗಿದ್ದುದನ್ನು ಅದು ಮಾಂಸವಾಗಿ ಮಾರ್ಪಡಿಸುವುದು. ನಾರ್ವೆಯ ಕಾಡ್ ಮತ್ತು ಸೇತ್ ಮೀನುಗಳ ಮೈಕಟ್ಟನ್ನು ಅಳೆದು ನೋಡಿದ ೨೦೧೧ರ ಒಂದು ಅಧ್ಯಯನವು, ಪಂಜರದ ಬಳಿಯ ಮೀನು ಪುಷ್ಟವಾಗಿದೆಯೆಂದೂ, ಅಲ್ಲಿ ಬೇಟೆಯನ್ನು ತಡೆದರೆ ಆ ನೆಲೆಯು ಸಂತತಿಗೆ ಆಕರವಾಗಬಲ್ಲದೆಂದೂ ಅಭಿಪ್ರಾಯಪಟ್ಟಿತು.

ಈ ಅಭಿಪ್ರಾಯದಲ್ಲಿ 'ಬೇಟೆಯನ್ನು ತಡೆದರೆ' ಎಂಬ ಮಾತೇ ಮುಖ್ಯವಾದುದು. ಚೆದರಿದ ಮೀನಿಗೆ ಚೆದರಿರುವುದೇ ಒಂದು ರಕ್ಷೆ. ಅದನ್ನು ಹುಡುಕುವುದಕ್ಕೆ ದೋಣಿಯು ಸುತ್ತಬೇಕು, ಎಣ್ಣೆ ಸುಡಬೇಕು, ಎಷ್ಟೋ ಸಲ ಬರಿಗೈಯಲ್ಲಿ ಹಿಂದಿರುಗಬೇಕು. ಒಂದೆಡೆ ನೆರೆದ ಮೀನಿಗೆ ಆ ರಕ್ಷೆಯು ಹೋಯಿತು. ಇದರಲ್ಲಿ ಇನ್ನೊಂದು ಮೋಸವೂ ಅಡಗಿದೆ. ಕಡಲಿನಲ್ಲಿ ಮೀನು ಕಡಮೆಯಾಗುತ್ತಿದ್ದರೂ, ಉಳಿದುದೆಲ್ಲ ಒಂದೆಡೆಗೆ ಬಂದು ಸೇರುತ್ತಿದ್ದರೆ ಅಲ್ಲಿ ಬಲೆ ಬೀಸುವವನಿಗೆ ಕಡಮೆಯೆಂಬುದು ಕಾಣಿಸುವುದಿಲ್ಲ. ಕಣಜವು ಬರಿದಾಗುತ್ತಿರುವಾಗಲೂ ಅಳೆಯುವ ಕೊಳಗವು ತುಂಬಿಯೇ ಇರುವುದು. ಕೊನೆಯ ಕೊಳಗದವರೆಗೂ ಈ ಭ್ರಾಂತಿಯು ನಿಲ್ಲುವುದು.

೫

ಸೆಳೆದು ಹಿಡಿಯುವ ವಿದ್ಯೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಸಾಹಿತ್ಯಾಭ್ಯಾಸಿಗಳಿಗೆ ಸುಪರಿಚಿತವಾದ ಗ್ರಂಥ. ಹನ್ನೆರಡನೆಯ ಶತಮಾನದ ಪೂರ್ವಾರ್ಧದ್ದು. ಸಂಸ್ಕೃತದಲ್ಲಿ ರಚಿತವಾದರೂ ಕನ್ನಡನಾಡಿನ ಅರಮನೆಯ ಬದುಕನ್ನು ಬಗೆಬಗೆಯಾಗಿ ತಿಳಿಸತಕ್ಕದ್ದು. ಅದರ ವಿನೋದಗಳನ್ನು ಕುರಿತ ಭಾಗದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂಬ ವಿಭಾಗಗಳಿವೆ. ಯಾವ ಮೀನಿಗೆ ಯಾವ ಮೇವನ್ನು ಉಂಡೆಕಟ್ಟಿ ಹಾಕಬೇಕು, ಗಾಳಹಾಕುವುದಕ್ಕೆ ಮುನ್ನ ಮೀನನ್ನು ಹೇಗೆ ಪೋಷಿಸಬೇಕು ಎಂಬ ವಿವರಗಳೂ ಇವೆ. ಮೀನುಗಳನ್ನು ಕುರಿತು ಬಹುವಾಗಿ ಪರಿಶೋಧನೆ ನಡೆಸಿದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣದ ಮಹತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು. ಮೇವಿನಿಂದ ಮೀನಿನ ಚಲನೆಯನ್ನು ಆಳಬಹುದೆಂಬ ತತ್ತ್ವವು ಎಂಟುನೂರು ವರ್ಷಗಳಿಗೂ ಹಿಂದೆಯೇ ಈ ನಾಡಿನಲ್ಲಿ ಶಾಸ್ತ್ರರೂಪವನ್ನು ತಳೆದಿತ್ತೆಂಬುದು ಇದರಿಂದ ಸಿದ್ಧವಾಗುವುದು. ಆದರೆ ಅಲ್ಲಿ ಪೋಷಣೆಯ ಕೊನೆಯ ಉದ್ದೇಶ ಗಾಳವೇ ಹೊರತು ಬೇರೆಯಲ್ಲ. ಹಿಡಿಯುವ ಸಾಧನವು ಒಂದು ಗಾಳವಾಗಿದ್ದುದರಿಂದ ಹಾನಿಯೂ ಮಿತವಾಗಿತ್ತು.

ಕರಾವಳಿಯ ಪ್ರಸಿದ್ಧವಾದ ರಂಪಣಿ ಬಲೆಯ ಕ್ರಮವು ಇದಕ್ಕೆ ಭಿನ್ನವಾದುದು. ಅಲ್ಲಿ ಮೀನನ್ನು ಸೆಳೆಯುವುದಿಲ್ಲ, ಕಾಯುವರು. ಮಳೆ ಹಿಂದೆಗೆದ ಮೇಲೆ ಬಂಗುಡೆ, ಬೂತಾಯಿಗಳ ಹಿಂಡು ತಾನಾಗಿ ದಡದ ಸಮೀಪಕ್ಕೆ ಬಂದಾಗ ಊರಿನ ಹತ್ತಾರು ಜನ ಕೂಡಿ ಬಲೆಯನ್ನು ಸುತ್ತಿ ಮರಳಿಗೆ ಎಳೆಯುವರು, ಫಲವನ್ನು ಪಾಲುಹಾಕಿಕೊಳ್ಳುವರು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆಯನ್ನು ಹಿಡಿದು ಹಿಂಡುಗಳನ್ನು ಕಡಲಿನಲ್ಲಿಯೇ ಸುತ್ತುಗಟ್ಟತೊಡಗಿದ ಮೇಲೆ ದೊಡ್ಡ ರಂಪಣಿಗಳು ಬಹುಮಟ್ಟಿಗೆ ಮೂಲೆಗೆ ಸೇರಿದುವು. ಕಾಯುವುದರಿಂದ ಹುಡುಕುವುದಕ್ಕೆ ಇದು ಮೊದಲನೆಯ ಹೆಜ್ಜೆ. ಹುಡುಕುವುದರಿಂದ ಸೆಳೆಯುವುದಕ್ಕೆ ಎರಡನೆಯದು. ರಾತ್ರಿಯಲ್ಲಿ ಪ್ರಖರವಾದ ದೀಪಗಳನ್ನು ಉರಿಸಿ ಮೀನನ್ನು ಕರೆಯುವ ಪದ್ಧತಿಯು ಬಲವಾದಾಗ, ಭಾರತ ಸರ್ಕಾರವು ೨೦೧೭ರಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಸೆಳೆತದ ಅಪಾಯಕ್ಕೆ ಇದಕ್ಕಿಂತಲೂ ಸ್ಫುಟವಾದ ನಿದರ್ಶನವು ಕಪ್ಪೆಬೊಂಡಾಸ್ ಎಂದು ಕರಾವಳಿಯವರು ಕರೆಯುವ ಪ್ರಾಣಿಯದು. ಇದು ನಿಜವಾಗಿ ಮೀನಲ್ಲ, ಚಿಪ್ಪುಜೀವಿಗಳ ದೂರದ ಬಂಧು. ಇದರ ಆಯುಸ್ಸು ಅಲ್ಪ. ಬಾಳಿನಲ್ಲಿ ಒಂದೇ ಪ್ರಸವಕಾಲ. ಅದು ಮುಗಿದ ಮೇಲೆ ಮರಣ. ಮಳೆಗಾಲವು ಕಳೆದ ಬಳಿಕ ಇದು ತೀರದ ಕಡೆಗೆ ಬಂದು, ದ್ರಾಕ್ಷಿಯ ಗೊಂಚಲಿನಂತಹ ಮೊಟ್ಟೆಗಳನ್ನು ನೀರಿನೊಳಗಣ ಯಾವುದಾದರೂ ಗಟ್ಟಿಯಾದ ವಸ್ತುವಿಗೆ ಅಂಟಿಸುವುದು. ಈ ಗುಣವನ್ನು ಬಲ್ಲ ಮೀನುಗಾರರು, ಮುಖ್ಯವಾಗಿ ದಕ್ಷಿಣದ ಕನ್ಯಾಕುಮಾರಿಯ ಕಡೆಯಿಂದ ಬಂದವರು, ತೆಂಗಿನ ಒಣಗೊನೆಗಳ ಕಟ್ಟುಗಳಿಗೆ ಮರಳಿನ ಚೀಲಗಳನ್ನು ಕಟ್ಟಿ ಕನ್ನಡನಾಡಿನ ಕಡಲಿನಲ್ಲಿ ಇಳಿಯಬಿಟ್ಟರು. ಮೊಟ್ಟೆಯಿಡುವುದಕ್ಕೆ ನೆಲೆಯನ್ನು ಅರಸಿ ಬಂದ ಪ್ರಾಣಿಗಳು ಆ ಕಟ್ಟುಗಳ ಬಳಿ ಗಾಳಕ್ಕೆ ಸಿಕ್ಕಿದುವು. ಸ್ಥಳೀಯ ಮೀನುಗಾರರು ಇದನ್ನು ವಿರೋಧಿಸಿದರು. ಕಡಲಿನಲ್ಲಿ ಕಲಹಗಳೂ ನಡೆದುವು. ಮೇವಿಗಾಗಿ ಬಂದ ಮೀನನ್ನು ಹಿಡಿದರೆ ನಷ್ಟವಾಗುವುದು ಆ ಮೀನು. ಪ್ರಸವಕ್ಕಾಗಿ ಬಂದುದನ್ನು ಹಿಡಿದರೆ ಅದರೊಡನೆ ಮುಂದಣ ಪೀಳಿಗೆಯೂ ನಷ್ಟವಾಗುವುದು. ಮೊಟ್ಟೆಯಿಟ್ಟ ಮೇಲೆ ಆ ಗೊನೆಯ ಕಟ್ಟನ್ನು ಕಡಲಿನಲ್ಲಿಯೇ ಬಿಟ್ಟರೆ ಅದು ತೊಟ್ಟಿಲಾದೀತು. ಮೇಲಕ್ಕೆಳೆದು ದಡಕ್ಕೆ ಹಾಕಿದರೆ ಆ ಮೊಟ್ಟೆಗಳಿಗೆ ಅದೇ ಚಿತೆ.

೬

ಈಗ ಹೊಳೆಯ ಕಡೆಗೆ ತಿರುಗಬಹುದು. ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಬೇರೆಬೇರೆಯಾಗಿ ಹರಿದು, ಒಂದು ಶಿವಮೊಗ್ಗೆಯನ್ನೂ ಇನ್ನೊಂದು ಭದ್ರಾವತಿಯನ್ನೂ ಹಾದು, ಕೂಡಲಿಯಲ್ಲಿ ಒಂದಾಗುವುವು. ಮಲೆನಾಡಿನ ಹೊಳೆಗೆ ಎರಡು ಮುಖಗಳು. ಮಳೆಗಾಲದಲ್ಲಿ ಅದು ಕೆಂಪಗೆ ದಡ ಮೀರಿ ಹರಿಯುವುದು. ಬೇಸಗೆಯಲ್ಲಿ ಬಂಡೆಗಳ ನಡುವೆ ಎಳೆಯಾಗಿ ಸೋರುವುದು. ಆಗ ಆಳವಾದ ಮಡುಗಳಲ್ಲಿ ಮಾತ್ರ ನೀರು ನಿಲ್ಲುವುದು. ಮೀನಿನ ಸಂಚಾರವೂ ಇದಕ್ಕೆ ಅನುಗುಣವಾದುದು. ಮೊದಲ ಮಳೆಗಳ ಹೊಸನೀರು ಬಂದೊಡನೆ ಎಷ್ಟೋ ಜಾತಿಗಳು ಪ್ರವಾಹಕ್ಕೆ ಎದುರಾಗಿ ಹಳ್ಳಕ್ಕೂ, ಹಳ್ಳದಿಂದ ಗದ್ದೆಗೂ ಏರುವುವು. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುವರು. ಗದ್ದೆಯ ಬದುವಿನಲ್ಲಿ ಕೂಣಿಯನ್ನು ಒಡ್ಡಿ ಅದನ್ನು ಹಿಡಿಯುವುದು ಅಲ್ಲಿಯ ಹಳೆಯ ರೂಢಿ. ಮೀನಿನ ನೆರವಿಯು ಒಡೆದು ಚೆದರುವ ಈ ಕಾಲದಲ್ಲಿಯೇ, ಶಿವಮೊಗ್ಗೆಗೂ ತೀರ್ಥಹಳ್ಳಿಗೂ ನಡುವಣ ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಮೊದಲಾದ ಹಕ್ಕಿಗಳ ನೆರವಿಯು ಕೂಡಿ ಮರಿಮಾಡುವುದು. ಮಳೆ ನಿಂತು ಹೊಳೆ ಇಳಿಯುತ್ತ ಬಂದಂತೆ ದೊಡ್ಡ ಮೀನುಗಳು ಮತ್ತೆ ಮಡುಗಳಿಗೆ ಸೇರುವುವು. ಬೇಸಗೆಯ ಮಡುವು ಮೀನಿನ ಕೋಟೆಯೂ ಹೌದು, ಸೆರೆಮನೆಯೂ ಹೌದು. ಅಲ್ಲಿಂದ ಓಡಿಹೋಗುವುದಕ್ಕೆ ನೀರಿಲ್ಲ.

ಇಂತಹ ಮಡುಗಳಲ್ಲಿ ಕೆಲವನ್ನು ಜನರು ದೇವರಿಗೆ ಒಪ್ಪಿಸಿದರು. ತುಂಗೆಯಲ್ಲಿ ಶೃಂಗೇರಿ, ಚಿಬ್ಬಲಗುಡ್ಡೆ; ಕಾವೇರಿಯಲ್ಲಿ ರಾಮನಾಥಪುರ; ಘಟ್ಟದ ಕೆಳಗೆ ಕಪಿಲೆಯಲ್ಲಿ ಶಿಶಿಲ—ಇವು ಪ್ರಸಿದ್ಧವಾದುವು. ಇಲ್ಲಿ ಮೀನು ಹಿಡಿಯಲಾಗದು. ಯಾತ್ರಿಕರು ಅಕ್ಕಿ, ಮಂಡಕ್ಕಿಗಳನ್ನು ಹಾಕುವರು. ಮಹಸೀರ್ ಎಂಬ ದೊಡ್ಡ ಹುರುಪೆಯ ಮೀನು ಇಲ್ಲಿಯ ಮುಖ್ಯ ನಿವಾಸಿ. ಜನರ ಬಾಯಲ್ಲಿ ಅದು ದೇವರ ಮೀನು. ಕಡಲಿನ ಪಂಜರದ ಬಳಿ ಕಂಡ ಕಾರಣಗಳೆಲ್ಲವೂ ಇಲ್ಲಿ ಇರುವುದನ್ನು ಗಮನಿಸಬೇಕು. ಮಡುವಿನ ಆಳವೂ ಬಂಡೆಯ ನೆರಳೂ ಆಶ್ರಯ, ಮಂಡಕ್ಕಿ ಮೇವು, ದೇವರ ಹೆಸರು ಅಭಯ. ಪಂಜರದಲ್ಲಿ ಅಭಯವು ಸಾಕಣೆಯ ಅನುಷಂಗವಾಗಿ ಬಂದುದು. ಇಲ್ಲಿ ಅಭಯವೇ ಮೊದಲು, ಮೇವು ಅದರ ಅನುಷಂಗ. ನೆರವಿಯನ್ನು ಬೋನಾಗದಂತೆ ತಡೆದು ಆಕರವನ್ನಾಗಿ ಮಾಡುವ ಉಪಾಯವನ್ನು ಶಾಸ್ತ್ರವು ಹೇಳುವುದಕ್ಕೆ ಬಹು ಮುಂಚೆಯೇ ಹೊಳೆಯ ದಡದ ಜನರು ಆಚರಿಸುತ್ತಿದ್ದರು.

ಆದರೆ ಇದರಿಂದ ಎಲ್ಲವೂ ಸುರಕ್ಷಿತವಾಯಿತೆಂದು ತಿಳಿಯಬಾರದು. ೧೯೯೬ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತು ತೇಲಿದುವು. ಊರವರು ಅವುಗಳಿಗೆ ಒಂದು ಸ್ಮಾರಕವನ್ನೇ ನಿಲ್ಲಿಸಿದರು. ಹೊಳೆಯ ಉದ್ದಕ್ಕೂ ಚೆದರಿದ್ದ ಮೀನನ್ನು ಹೀಗೆ ಒಮ್ಮೆಗೇ ಕೊಲ್ಲುವುದು ಯಾರಿಂದಲೂ ಆಗುತ್ತಿರಲಿಲ್ಲ. ಶತಮಾನಗಳ ನಂಬಿಕೆಯು ಒಂದೆಡೆ ಕೂಡಿಸಿದ್ದನ್ನು ಒಂದು ದಿನದ ವಿಷವು ಅಳಿಸಿತು. ಎರಡನೆಯ ಕೊರತೆಯು ಇಷ್ಟು ಭೀಕರವಲ್ಲ, ಆದರೆ ನಿತ್ಯದ್ದು. ಮತ್ಸ್ಯಧಾಮವು ಕಾಯುವುದು ಮಡುವನ್ನು; ಮೀನು ಬಾಳುವುದು ಹೊಳೆಯಲ್ಲಿ. ಬೇಸಗೆಯಲ್ಲಿ ಅಭಯವನ್ನು ಪಡೆದ ಮೀನು ಮಳೆಗಾಲದಲ್ಲಿ ಮೊಟ್ಟೆಯಿಡಲು ಗಡಿಯಾಚೆಗೆ ಹೋಗಲೇಬೇಕು. ಅಲ್ಲಿ ಅದಕ್ಕೆ ಬಲೆಯೋ, ಮರಳು ತೆಗೆದು ಕೆಡಿಸಿದ ತಳವೋ, ಗಾಜನೂರಿನಲ್ಲಿರುವಂತಹ ಅಣೆಕಟ್ಟಿನ ಗೋಡೆಯೋ ಎದುರಾದರೆ ದೇವರ ಹೆಸರು ಅಲ್ಲಿಯವರೆಗೆ ನಡೆಯುವುದಿಲ್ಲ. ಸೋಪಾನದ ಬುಡದಲ್ಲಿ ಮೀನು ಕಿಕ್ಕಿರಿದಿರುವುದನ್ನು ನೋಡಿ ಹೊಳೆಯೆಲ್ಲ ಸಮೃದ್ಧವಾಗಿದೆಯೆಂದು ಸಂತೋಷಪಡುವ ಯಾತ್ರಿಕನು, ಪಂಜರದ ಬಳಿಯ ಹಿಂಡನ್ನು ನೋಡಿ ಕಡಲು ತುಂಬಿದೆಯೆಂದು ಎಣಿಸುವ ಮೀನುಗಾರನಷ್ಟೇ ಮೋಸಹೋಗಬಹುದು.

೭

ಮೇಲಣ ವಿಚಾರದಿಂದ ಕೆಲವು ಸಂಗತಿಗಳು ಸಿದ್ಧಿಸುವುವು. ಮೇವೂ ಆಶ್ರಯವೂ ಇರುವಲ್ಲಿ ಮೀನು ನೆರೆಯುವುದು ನಿಶ್ಚಯ. ಆ ನೆರವಿಯು ಋತುವಿನೊಡನೆ ಬೆಳೆಯುವುದು, ಒಡೆಯುವುದು, ರೂಪಾಂತರ ಹೊಂದುವುದು. ನೆರವಿಯು ತಾನಾಗಿ ವೃದ್ಧಿಯಲ್ಲ. ವೃದ್ಧಿಗೆ ಅವಕಾಶ ಮಾತ್ರ. ಆ ಅವಕಾಶವು ಫಲಿಸುವುದೂ ಕೆಡುವುದೂ ನೆರೆದ ಮೀನಿನೊಡನೆ ಮನುಷ್ಯನು ನಡೆದುಕೊಳ್ಳುವ ರೀತಿಯನ್ನು ಅವಲಂಬಿಸಿದೆ. ಸೆಳೆದುದನ್ನು ಕಾದರೆ ನೆಲೆಯು ಆಕರವಾಗುವುದು; ಸೆಳೆದುದನ್ನೆಲ್ಲ ಹಿಡಿದರೆ ಬೋನಾಗುವುದು.

ಕನ್ನಡನಾಡಿನ ಕಡಲಿನಲ್ಲಿ ಪಂಜರಗಳು ಹೆಚ್ಚುತ್ತ ಹೋದಂತೆ ಈ ತತ್ತ್ವವು ಬರಿಯ ಪಾಂಡಿತ್ಯದ ವಿಷಯವಾಗಿ ಉಳಿಯದು. ಪಂಜರದ ಸುತ್ತ ಎಷ್ಟು ದೂರ ಬಲೆಯನ್ನು ತಡೆಯಬೇಕು, ಹಾಗೆ ತಡೆದ ನೀರಿನಲ್ಲಿ ಮೊದಲು ಮೀನು ಹಿಡಿಯುತ್ತಿದ್ದ ಸಣ್ಣ ದೋಣಿಯವನ ಪಾಲು ಏನು, ಪಂಜರಕ್ಕೆ ಹಾಕುವ ಅಗ್ಗದ ಮೀನು ಯಾರ ಊಟದಿಂದ ಬಂದುದು ಎಂಬುವು ಆಗ ನ್ಯಾಯದ ಪ್ರಶ್ನೆಗಳಾಗುವುವು. ನಾರ್ವೆಯಲ್ಲಿ ಕಾಳುಮೇವು ತಿಂದ ಸೇತ್ ಮೀನಿನ ಮಾಂಸವು ಸತ್ತ್ವಹೀನವಾಯಿತೆಂದು ಅಲ್ಲಿಯ ಮೀನುಗಾರರು ದೂರಿಕೊಂಡುದನ್ನೂ ಇಲ್ಲಿ ನೆನೆಯಬಹುದು. ಹಾಗೆಯೇ ತುಂಗೆಯ ಮತ್ಸ್ಯಧಾಮಗಳ ವಿಷಯದಲ್ಲಿ, ಮಡುವಿನ ರಕ್ಷೆಗೆ ಹಾದಿಯ ರಕ್ಷೆಯೂ, ಬೇಸಗೆಯ ಅಭಯಕ್ಕೆ ಮಳೆಗಾಲದ ಅಭಯವೂ ಸೇರಬೇಕು. ಬೇಸಗೆಯಲ್ಲಿ ಸೋಪಾನದ ಬುಡಕ್ಕೆ ಬರುವ ಮೀನು ಹೊಸನೀರಿನಲ್ಲಿ ಹತ್ತಿಹೋಗಿ, ಮರಿಗಳೊಡನೆ ಹೊಳೆಗೆ ಇಳಿದು ಬರುವಂತಿದ್ದರೆ ಮಾತ್ರ ಮುಂದಿನ ಬೇಸಗೆಗಳಲ್ಲಿಯೂ ಮಂಡಕ್ಕಿಗೆ ಬಾಯಿತೆರೆಯುವ ಮೀನು ಅಲ್ಲಿ ಉಳಿದೀತು.